ಕಂಪನಿ ವಾರಂಟಿ ಮುಗೀತಾ ಬಂತು, ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಲೋ ಬೇಡವೋ?

ಪ್ರಶ್ನೆ:
ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳೋ ಸಾಧನ) ಇರೋ ಪೆಟ್ರೋಲ್ ಕಾರು, ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ (ಎರಡು ಕ್ಲಚ್ ಇದ್ದು ತಾನೇ ಗೇರ್ ಬದಲಿಸೋದು). ಕಂಪನಿ ವಾರಂಟಿ 3 ವರ್ಷ ಅಥವಾ 1,00,000 ಕಿ.ಮೀ., ಇನ್ನೆರಡು ತಿಂಗಳಲ್ಲಿ ಮುಗಿಯುತ್ತೆ. ಓಡಿರೋದು 34,000. ಇಲ್ಲಿಯವರೆಗೆ ಏನೂ ತೊಂದರೆ ಕೊಟ್ಟಿಲ್ಲ. ಸರ್ವೀಸ್‌ಗೆ ಬಿಟ್ಟಾಗಲೆಲ್ಲ ಇನ್ನೆರಡು ವರ್ಷಕ್ಕೆ ಮಾಡಿಸಿಬಿಡಿ ಅಂತಾರೆ. ಬಂಪರ್ ಟು ಬಂಪರ್ ಎಲ್ಲಾ ಬರುತ್ತೆ ಅಂತ ಬಾಯಲ್ಲಿ ಹೇಳ್ತಾರೆ, ಕಾಗದದಲ್ಲಿ ಏನು ನೋಡಬೇಕು ಅಂತ ತಿಳಿಯಲ್ಲ. ದುಡ್ಡು ದಂಡವಾ? ಬಲ್ಲವರು ತಿಳಿಸಿ.

ಉತ್ತರ, ವರ್ಕ್‌ಶಾಪ್ ಟೆಕ್ನಿಷಿಯನ್:
ನಿಮ್ಮ ಗಾಡಿಗೆ ಮಾಡಿಸಿ ಸರ್. ಇದೇ ಕಾರಿನಲ್ಲಿ ಟರ್ಬೊ ಇಲ್ಲದ ಇಂಜಿನ್, ಮ್ಯಾನುಯಲ್ ಗೇರ್ ಇದ್ದಿದ್ದರೆ ಬೇಡ ಅಂತಲೇ ಹೇಳ್ತಿದ್ದೆ.

ಸಾದಾ ಮ್ಯಾನುಯಲ್ ಗಾಡಿಯಲ್ಲಿ ಮೂರರಿಂದ ಐದು ವರ್ಷದೊಳಗೆ ಕೈಗೆ ಬರೋ ಕೆಲಸ ಅಂದರೆ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಬ್ಯಾಟರಿ, ಟೈರು. ಇವೆಲ್ಲ ಸವೆಯೋ ಸಾಮಾನು, ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಸಾಮಾನ್ಯವಾಗಿ ಬರಲ್ಲ ಅಂತ ಇಟ್ಟುಕೊಳ್ಳಿ. ವಾರಂಟಿಯಲ್ಲಿ ಬರೋದು ಕೆಡಲ್ಲ, ಕೆಡೋದು ಬರಲ್ಲ. ಆ ದುಡ್ಡು ಬ್ಯಾಂಕಿನಲ್ಲಿರಲಿ.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕಥೆ ಬೇರೆ. ಅದರಲ್ಲಿ ಗೇರ್ ಬದಲಿಸೋದನ್ನು ನಿಯಂತ್ರಿಸೋ ಮೆಕಟ್ರಾನಿಕ್ ಅಂತ ಒಂದು ಘಟಕ ಇರುತ್ತೆ. ಕರೆಂಟಿನಿಂದ ತೆರೆದು ಮುಚ್ಚೋ ಸೊಲೆನಾಯ್ಡ್ ವಾಲ್ವ್, ಸೆನ್ಸರ್, ಕಂಟ್ರೋಲ್ ಬೋರ್ಡು ಎಲ್ಲಾ ಒಂದೇ ಪೆಟ್ಟಿಗೆಯಲ್ಲಿ. ಒಳಗೆ ಒಂದು ಸೊಲೆನಾಯ್ಡ್ ಕೈಕೊಟ್ಟರೂ ಸಾಮಾನ್ಯವಾಗಿ ಪೂರ್ತಿ ಘಟಕವನ್ನೇ ಬದಲಾಯಿಸ್ತಾರೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿದ್ದು, ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ರಿವರ್ಸ್ ಬೀಳದೆ ಮೀಟರಿನಲ್ಲಿ ಗೇರ್ ಗುರುತು ಮಿನುಗಿದರೆ ಮೊದಲ ಅನುಮಾನ ಅದರ ಮೇಲೇ. ಒಂದು ಎಚ್ಚರಿಕೆ: ಅದೇ ಗೇರ್‌ಬಾಕ್ಸಿನ ಕ್ಲಚ್ ಪ್ಯಾಕ್ (ಕ್ಲಚ್ ಪ್ಲೇಟುಗಳ ಜೋಡಣೆ) ಸವೆಯೋ ಸಾಮಾನಿನ ಪಟ್ಟಿಯಲ್ಲಿದೆಯಾ ಅಂತ ಬೇರೆಯಾಗಿ ಕೇಳಿ. ಮೆಕಟ್ರಾನಿಕ್ ಬರುತ್ತೆ, ಕ್ಲಚ್ ಬರಲ್ಲ ಅನ್ನೋ ಪ್ಲಾನ್‌ಗಳಿವೆ.

ಟರ್ಬೊ ಇನ್ನೊಂದು. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತೆ, ಅದನ್ನು ಹಿಡಿದಿರೋದು ತೆಳುವಾದ ಎಣ್ಣೆ ಪದರ ಅಷ್ಟೇ. ಇವೆರಡರ ಜೊತೆ ಪವರ್ ಸ್ಟೀರಿಂಗ್ ಮೋಟರ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ) ಮಾಡ್ಯೂಲ್, ಎಸಿ ಕಂಪ್ರೆಸರ್, ಟಚ್ ಸ್ಕ್ರೀನ್ ಸೇರಿಸಿಕೊಳ್ಳಿ.

ಈ ಎಲ್ಲದಕ್ಕೂ ಕೊಟೇಶನ್ ಅದೇ ಸರ್ವೀಸ್ ಸೆಂಟರಿನಲ್ಲೇ ಕೇಳಿ. ದೊಡ್ಡ ರಿಪೇರಿ ಪ್ಲಾನ್ ಬೆಲೆಯ ಐದು ಪಟ್ಟಿದೆ ಅಂದುಕೊಳ್ಳೋಣ. ಅಂಥದ್ದು ಎರಡು ವರ್ಷದಲ್ಲಿ ಐದು ಗಾಡಿಗೆ ಒಂದರಲ್ಲಿ ಆದರೆ ಮಾತ್ರ ಸರಿಸಮ. ಅಷ್ಟು ಕೆಡಲ್ಲ, ನಿಜ. ಸರಾಸರಿಯಲ್ಲಿ ಕೊಳ್ಳೋರಿಗೆ ನಷ್ಟವೇ, ಇಲ್ಲದಿದ್ದರೆ ಮಾರೋರು ಯಾಕೆ ಅಷ್ಟು ಹಿಂದೆ ಬೀಳ್ತಾರೆ? ಆದರೆ ಆ ಐದು ಪಟ್ಟಿನ ಬಿಲ್ಲು ಒಂದೇ ಸಲ ಬಂದರೆ ತಡಕೊಳ್ಳೋಕೆ ಆಗುತ್ತಾ ಅನ್ನೋದೇ ಪ್ರಶ್ನೆ. ಆಗುತ್ತೆ ಅನ್ನೋರು ಬಿಟ್ಟರೂ ನಡೆಯುತ್ತೆ.

ಉತ್ತರ, ವಾರಂಟಿ ಕ್ಲೇಮ್ ಪರಿಶೀಲಕಿ:
ಬಂಪರ್ ಟು ಬಂಪರ್ ಅನ್ನೋ ಮಾತಿಗೆ ಬೆಲೆ ಕೊಡಬೇಡಿ. ಪ್ಲಾನಿನ ಪೂರ್ತಿ ನಿಯಮಗಳ ಪಿಡಿಎಫ್ ಹಣ ಕಟ್ಟೋ ಮೊದಲೇ ತರಿಸಿ. ಬಣ್ಣದ ಕರಪತ್ರ ಕೊಟ್ಟರೆ ವಾಪಸ್ ಕೊಡಿ.

ಮೊದಲು ನೋಡಬೇಕಾದ್ದು ಪಟ್ಟಿ ಯಾವ ಥರದ್ದು ಅಂತ. ಕೆಲವು ಪ್ಲಾನ್‌ನಲ್ಲಿ "ಈ ಭಾಗಗಳಿಗೆ ಮಾತ್ರ" ಅಂತ ಬರೆದಿರುತ್ತೆ, ಪಟ್ಟಿಯಲ್ಲಿ ಹೆಸರಿಲ್ಲದ ಭಾಗಕ್ಕೆ ಏನೂ ಸಿಗಲ್ಲ. ಇನ್ನು ಕೆಲವುದರಲ್ಲಿ "ಇವಿಷ್ಟು ಬಿಟ್ಟು ಎಲ್ಲಾ" ಅಂತ. ಎರಡನೆಯದೇ ವಾಸಿ. ಆಮೇಲೆ ಪ್ಲಾನ್ ಹಿಂದೆ ಇರೋರು ಯಾರು? ಗಾಡಿ ತಯಾರಿಸಿದವರೇ ಆದರೆ ಅವರ ಯಾವ ಅಧಿಕೃತ ಸರ್ವೀಸ್ ಸೆಂಟರಿಗೆ ಹೋದರೂ ನಡೆಯುತ್ತೆ. ಬೇರೆ ಕಂಪನಿಯದ್ದಾದರೆ ವರ್ಕ್‌ಶಾಪಿಗೆ ನೇರವಾಗಿ ಹಣ ಹೋಗುತ್ತಾ, ನೀವು ಕಟ್ಟಿ ಆಮೇಲೆ ವಸೂಲಿ ಮಾಡಬೇಕಾ ಅಂತ ನೋಡಿ.

ಜಗಳ ಹೆಚ್ಚು ಬರೋದು ಒಂದರಿಂದ ಇನ್ನೊಂದು ಹಾಳಾದಾಗ. ಕೂಲೆಂಟ್ ಹೋಸ್ ಒಡೆಯಿತು, ಗಾಡಿ ನಿಲ್ಲಿಸದೆ ಓಡಿಸಿದರು, ಇಂಜಿನ್ ಕಾದು ಸಿಲಿಂಡರ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಾಗಿತು, ಅದರ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಯಿತು. ಹೆಡ್ ಪಟ್ಟಿಯಲ್ಲಿದೆ, ಹೋಸ್ ರಬ್ಬರ್ ಸಾಮಾನು, ಪಟ್ಟಿಯಲ್ಲಿಲ್ಲ. ಮೂಲ ಕಾರಣ ಹೋಸ್ ಅಂತ ಬರೆದರೆ ಇಡೀ ಕ್ಲೇಮ್ ಬೀಳುತ್ತೆ. ಟೆಂಪರೇಚರ್ ದೀಪ ಕೆಂಪಾದಾಗ ಅಲ್ಲೇ ನಿಲ್ಲಿಸಿ ಟೋ ಮಾಡಿಸಿದ್ದರೆ ನಷ್ಟ ಹೋಸ್‌ಗೇ ಮುಗಿಯುತ್ತಿತ್ತು.

ಟರ್ಬೊ ಬಗ್ಗೆ ಮೇಲಿನವರು ಹೇಳಿದ್ದು ಸರಿ, ಆದರೆ ಟರ್ಬೊ ಕ್ಲೇಮ್‌ನಲ್ಲಿ ನಾವು ನೋಡೋದು ಟರ್ಬೊ ಒಂದನ್ನೇ ಅಲ್ಲ. ಅದಕ್ಕೆ ಎಣ್ಣೆ ತರೋ ಸಣ್ಣ ಪೈಪು ಬಿಚ್ಚಿಸ್ತೀವಿ. ಒಳಗೆ ಕಪ್ಪು ಇಂಗಾಲ ಕಟ್ಟಿದ್ದರೆ, ಆಯಿಲ್ ಮುಚ್ಚಳದ ಕೆಳಗೆ ಡಾಂಬರಿನಂಥ ಗಸಿ ಇದ್ದರೆ, ಆಯಿಲ್ ತಡವಾಗಿ ಬದಲಾಗಿದೆ ಅನ್ನೋ ಅನುಮಾನ ಬರುತ್ತೆ. ಆಗ ಕೇಳೋದು ಬಿಲ್ಲು. ಬಿಲ್ಲಿನಲ್ಲಿ ದಿನಾಂಕ, ಕಿ.ಮೀ., ಆಯಿಲ್ ಗ್ರೇಡು, ಎಷ್ಟು ಲೀಟರ್ ಅಂತ ಇರಬೇಕು. ಬರೀ "ಜನರಲ್ ಸರ್ವೀಸ್" ಅಂತಿದ್ದರೆ ನಿಮ್ಮ ಕಡೆ ಸಾಕ್ಷಿ ಇಲ್ಲ.

ಇನ್ನು ಮಿತಿಗಳು: ಒಂದು ಕ್ಲೇಮಿಗೆ ಎಷ್ಟು, ಒಟ್ಟು ಎಷ್ಟು, ಪ್ರತಿ ಸಲ ನೀವು ಕೈಯಿಂದ ಹಾಕಬೇಕಾದ್ದೆಷ್ಟು, ಗಾಡಿ ಹಳೆಯದಾದ ಹಾಗೆ ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಡಿತ ಇದೆಯಾ. ಬಿಚ್ಚಿ ನೋಡೋ ಕೂಲಿ ಯಾರ ತಲೆಗೆ ಅನ್ನೋದನ್ನೂ ಕೇಳಿ. ಕ್ಲೇಮ್ ಮಂಜೂರಾಗದಿದ್ದರೆ ಅದು ಬಹುತೇಕ ನಿಮ್ಮದೇ. ಅನುಮತಿ ಬರೋ ಮೊದಲು ಒಂದು ನಟ್ಟೂ ಬಿಚ್ಚಿಸಬೇಡಿ, ಸ್ಕ್ಯಾನರ್ ಹಾಕಿ ಎರರ್ ಕೋಡ್ ಅಳಿಸೋಕೂ ಬಿಡಬೇಡಿ. ಕೋಡ್ ಜೊತೆಗೆ ಆ ಹೊತ್ತಿನ ಇಂಜಿನ್ ಬಿಸಿ, ವೇಗ ದಾಖಲಾಗಿರುತ್ತೆ. ಅಳಿಸಿದರೆ ಅದೂ ಹೋಯಿತು.

ನೀರು ಹೊಕ್ಕು ಇಂಜಿನ್ ಸಿಕ್ಕಿಹಾಕಿಕೊಂಡರೆ, ಇಲಿ ವೈರು ಕಡಿದರೆ ವಾರಂಟಿಗೆ ಬರಬೇಡಿ. ಅವು ಇನ್ಶೂರೆನ್ಸಿನ ವಿಷಯ.

ಮರುಪ್ರಶ್ನೆ, ಇನ್ನೊಬ್ಬ ಸದಸ್ಯರು:
ನನ್ನದು ವರ್ಷಕ್ಕೆ 30,000 ಕಿ.ಮೀ. ಓಟ. ಕಂಪನಿ ವಾರಂಟಿ ಇದೇ ಥರ 3 ವರ್ಷ, ಲಕ್ಷ ಕಿ.ಮೀ. ಕೊಡ್ತಿರೋ ಪ್ಲಾನ್ 5 ವರ್ಷ ಅಥವಾ 1,20,000 ಕಿ.ಮೀ.ವರೆಗೆ. ಹೆಚ್ಚು ಓಡಿಸೋರಿಗೆ ಹೆಚ್ಚು ಲಾಭ ತಾನೇ?

ಉತ್ತರ, ಟೆಕ್ನಿಷಿಯನ್:
ಇಲ್ಲ, ತಿರುಗುಮುರುಗು. ಮೂರು ವರ್ಷಕ್ಕೆ ನಿಮ್ಮದು 90,000 ಆಗುತ್ತೆ. 1,20,000 ಮುಟ್ಟೋದು ನಾಲ್ಕನೇ ವರ್ಷದ ಕೊನೆಗೆ. ಎರಡು ವರ್ಷಕ್ಕೆ ದುಡ್ಡು ಕಟ್ಟಿ ಒಂದೇ ವರ್ಷ ಅನುಭವಿಸ್ತೀರಿ. 1,50,000 ಅಥವಾ ಮಿತಿಯೇ ಇಲ್ಲದ ಪ್ಲಾನ್ ಇದ್ದರೆ ಮಾತ್ರ ಯೋಚಿಸಿ. ಮೊದಲ ಪ್ರಶ್ನೆ ಕೇಳಿದವರದ್ದು ತಿಂಗಳಿಗೆ 1,000 ಕಿ.ಮೀ., ಐದು ವರ್ಷಕ್ಕೆ 60,000. ಅವರು ದೊಡ್ಡ ಕಿ.ಮೀ. ಪ್ಲಾನಿಗೆ ಹೆಚ್ಚು ಕೊಡೋ ಅಗತ್ಯ ಇಲ್ಲ.

ಮರುಪ್ರಶ್ನೆ, ಮೊದಲು ಕೇಳಿದವರು:
ಧನ್ಯವಾದ ಸರ್, ಮೇಡಂ. ಒಂದು ಅಳುಕಿದೆ. ಹೋದ ವರ್ಷದ ಸರ್ವೀಸ್ ಎರಡು ತಿಂಗಳು ತಡವಾಗಿ ಮಾಡಿಸಿದ್ದೆ. ಹೆಡ್‌ಲೈಟ್ ಬಲ್ಬೂ ಹೊರಗೆ ಬದಲಾಯಿಸಿದ್ದೇನೆ. ನಾಳೆ ಇದನ್ನೇ ನೆಪ ಮಾಡಿದರೆ?

ಉತ್ತರ, ಕ್ಲೇಮ್ ಪರಿಶೀಲಕಿ:
ಬಲ್ಬು ಅದೇ ವ್ಯಾಟಿನದ್ದಾಗಿ ಮೂಲ ಹೋಲ್ಡರಿನಲ್ಲೇ ಕೂತಿದ್ದರೆ ಚಿಂತೆ ಬೇಡ. ವೈರು ಕತ್ತರಿಸಿ ಟೇಪು ಸುತ್ತಿದ್ದರೆ ಎಲೆಕ್ಟ್ರಿಕಲ್ ಕ್ಲೇಮ್ ಪೂರ್ತಿ ಕೈತಪ್ಪಬಹುದು, ಅದನ್ನು ಈಗಲೇ ಸರಿ ಮಾಡಿಸಿ. ತಡವಾದ ಸರ್ವೀಸಿಗೆ ಎಷ್ಟು ದಿನ, ಎಷ್ಟು ಕಿ.ಮೀ. ರಿಯಾಯಿತಿ ಅಂತ ನಿಯಮದಲ್ಲಿ ಬರೆದಿರುತ್ತೆ. ಅದನ್ನು ಮೀರಿದ್ದರೆ ಹಣ ಕಟ್ಟೋ ಮೊದಲು ಇಮೇಲ್ ಹಾಕಿ, "ಇಂಥ ದಿನಾಂಕದ ಸರ್ವೀಸ್ ಇಷ್ಟು ತಡವಾಗಿದೆ, ಪ್ಲಾನ್ ಪೂರ್ತಿ ಜಾರಿಯಲ್ಲಿರುತ್ತದೆಯೇ?" ಅಂತ. ಬರಹದಲ್ಲಿ ಹೌದು ಅಂತ ಬರದಿದ್ದರೆ ಕಟ್ಟಬೇಡಿ.

ಉತ್ತರ, ಟೆಕ್ನಿಷಿಯನ್:
ಪ್ಲಾನ್ ಮಾಡಿಸಿದರೂ ಬಿಟ್ಟರೂ ಈ ಎರಡು ತಿಂಗಳು ಸುಮ್ಮನೆ ಕಳೆಯಬೇಡಿ. ಕಂಪನಿ ವಾರಂಟಿ ಇರುವಾಗಲೇ ಗಾಡಿ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಟೈಮಿಂಗ್ ಕವರ್ ಅಂಚು, ಗೇರ್‌ಬಾಕ್ಸ್ ಆಯಿಲ್ ಸೀಲ್, ವಾಟರ್ ಪಂಪ್ ಹತ್ತಿರ ಒಣಗಿದ ಕೂಲೆಂಟ್ ಕಲೆ, ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದೆಯಾ ಅಂತ ನೋಡಲಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿ ಮಾಡಿ, ಗೇರ್ ಜರ್ಕ್ ಇದ್ದರೆ ಟೆಕ್ನಿಷಿಯನ್‌ನ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಹೊಸ ಪ್ಲಾನಿನವರು ಮೊದಲೇ ಇದ್ದ ದೋಷ ಅಂದರೆ ಒಪ್ಪಲ್ಲ, ಹಾಗಾಗಿ ಈಗ ಸಿಕ್ಕಿದ್ದನ್ನು ಈಗಲೇ ಕಂಪನಿ ಲೆಕ್ಕಕ್ಕೆ ಹಾಕಿಸಬೇಕು. "ಪರಿಶೀಲಿಸಿದೆ, ಸರಿಯಿದೆ" ಅಂತ ಬಾಯಿಮಾತಲ್ಲಿ ಕಳಿಸಿದರೆ ಬರಬೇಡಿ. ನಿಮ್ಮ ದೂರು ನಿಮ್ಮ ಮಾತಲ್ಲೇ, ಕಿ.ಮೀ. ಮತ್ತು ದಿನಾಂಕದ ಜೊತೆ ಜಾಬ್ ಕಾರ್ಡಿನಲ್ಲಿ (ಸರ್ವೀಸ್ ಸೆಂಟರಿನವರು ಕೆಲಸ ಬರೆದುಕೊಳ್ಳೋ ಹಾಳೆ) ಬರೆಸಿ, ಒಂದು ಫೋಟೊ ತೆಗೆದುಕೊಂಡು ಬನ್ನಿ.