ಹಳೇ ಮಹೀಂದ್ರ ಎಫ್‌ಸಿ ಪಿಕಪ್: ಅದರದೇ ಪೆಟ್ರೋಲ್ ಎಂಜಿನ್ ಮತ್ತೆ ಕಟ್ಟಿಸಿದವರು ಹೇಳಿ

ಸಕಲೇಶಪುರದಿಂದ ಕೇಳಿದ್ದು

ನಮ್ಮ ತೋಟದ ಶೆಡ್ಡಿನಲ್ಲಿ ತಾತನ ಕಾಲದ ಮಹೀಂದ್ರ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಪಿಕಪ್ ನಿಂತಿದೆ. ಹರಿಕೇನ್ ಪೆಟ್ರೋಲ್ ಎಂಜಿನ್. ಬಹಳ ವರ್ಷದಿಂದ ಸ್ಟಾರ್ಟ್ ಮಾಡಿಲ್ಲ, ಈಗ ಜಾಮ್ ಆಗಿದೆ. ನೋಡಿದವರೆಲ್ಲ ಎಂಜಿನ್ ಗುಜರಿಗೆ ಹಾಕಿ ಡೀಸೆಲ್ ಕೂರಿಸಿ ಅನ್ನುತ್ತಿದ್ದಾರೆ. ನನಗೆ ಇದೇ ಎಂಜಿನ್ ಬೇಕು. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆಯಿಂದ

ನಿಮ್ಮ ಆಸೆ ಸರಿಯಾಗೇ ಇದೆ, ಬಿಡಬೇಡಿ. ಇದೇ ಎಂಜಿನ್ ಇರುವ ಸಿಜೆ-3ಬಿ ಜೀಪನ್ನು ನಾನು ಪೂರ್ತಿ ಬಿಚ್ಚಿ ಕಟ್ಟಿಸಿದ್ದೇನೆ. 2199 ಸಿಸಿ, ನಾಲ್ಕು ಸಿಲಿಂಡರ್. ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕ್‌ನಲ್ಲಿ. ಈ ವಿಷಯ ಗೊತ್ತಿರುವ ಮೆಕ್ಯಾನಿಕ್ಕನ್ನೇ ಹುಡುಕಿ. ಹಳೇ ಜೀಪು ರಿಪೇರಿ ಮಾಡಿದ ವಯಸ್ಸಾದವರು ಮಲೆನಾಡಿನ ಊರುಗಳಲ್ಲಿ ಇನ್ನೂ ಸಿಗುತ್ತಾರೆ.

ಜಾಮ್ ಅಂದ ತಕ್ಷಣ ಹೆದರಬೇಕಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಸ್ವಲ್ಪ ಡೀಸೆಲ್ಲಿಗೆ ತೆಳು ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಬಿಡಿ. ಕೆಲವು ದಿನ ಹಾಗೇ ಬಿಟ್ಟು, ಆಮೇಲೆ ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಗೇರಿಗೆ ಹಾಕಿ ಟ್ರ್ಯಾಕ್ಟರ್‌ನಲ್ಲಿ ಎಳೆಸುವವರು ಇದ್ದಾರೆ. ದಯವಿಟ್ಟು ಅದು ಬೇಡ. ಅಂಟಿಕೊಂಡ ರಿಂಗ್ ತುಂಡಾಗುತ್ತದೆ, ಪುಷ್ ರಾಡ್ ಬಗ್ಗುತ್ತದೆ. ಉಳಿಸಬಹುದಾದ ಎಂಜಿನ್ ಹಾಳಾಗುವುದು ಇಂಥ ಅವಸರದಲ್ಲೇ.

ಹೆಡ್ ಬಿಚ್ಚುವಾಗ ತುಂಬ ಹುಷಾರು. ಈ ಎಂಜಿನ್ನಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಇಲ್ಲ, ಹೆಡ್ ಜೊತೆಗೇ ಎರಕವಾಗಿ ಬಂದಿದೆ. ಕಾರ್ಬುರೇಟರ್ ತೆಗೆದು ಅದು ಕೂತಿದ್ದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಒಂದು ಹೆಡ್ ಬೋಲ್ಟ್ ಇದೆ. ಹೊರಗಿನ ಬೋಲ್ಟೆಲ್ಲ ಬಿಚ್ಚಿ, "ಹೆಡ್ ಬರುತ್ತಿಲ್ಲ" ಅಂತ ಲಿವರ್ ಹಾಕಿ ಮೀಟಿದರೆ ಹೆಡ್ ಸೀಳುತ್ತದೆ. ಒಳ್ಳೆಯ ಹೆಡ್ ಸಿಗುವುದು ಈಗ ಸುಲಭವಲ್ಲ. ಎಫ್‌ಸಿಯಲ್ಲಿ ಎಂಜಿನ್ ಕ್ಯಾಬಿನ್ ಒಳಗೆ, ಸೀಟುಗಳ ಮಧ್ಯೆ ಕವರ್ ಕೆಳಗೆ ಕೂತಿರುತ್ತದೆ. ಅಲ್ಲಿ ಬೆಳಕೂ ಕಡಿಮೆ. ಹಾಗಾಗಿ ಇದನ್ನು ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಅಳತೆ ಕೈಗೆ ಬರುವ ತನಕ ಯಾವ ಸಾಮಾನೂ ಕೊಳ್ಳಬೇಡಿ. ಮೊದಲು ಬ್ಲಾಕಿನ ಕೋರ್ ಪ್ಲಗ್, ಆಯಿಲ್ ಗ್ಯಾಲರಿ ಪ್ಲಗ್ ಎಲ್ಲ ತೆಗೆಸಿ ಬಿಸಿ ಕಾಸ್ಟಿಕ್‌ನಲ್ಲಿ ತೊಳೆಸಿ. ವಾಟರ್ ಜಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂತ ಕೆಸರು ತುಂಬಿರುತ್ತದೆ. ಅದು ಒಳಗೇ ಉಳಿದರೆ ಎಷ್ಟು ಖರ್ಚು ಮಾಡಿದರೂ ಎಂಜಿನ್ ಹೀಟ್ ಆಗುತ್ತಲೇ ಇರುತ್ತದೆ. ಆಮೇಲೆ ಬಿರುಕು ಇದೆಯಾ ನೋಡಿಸಿ. ಆಮೇಲೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ. ಇದರ ಸ್ಟ್ಯಾಂಡರ್ಡ್ ಬೋರ್ 3.125 ಇಂಚು. ಪ್ರತಿ ಸಿಲಿಂಡರನ್ನೂ ಮೇಲೆ, ಮಧ್ಯೆ, ಕೆಳಗೆ, ಉದ್ದ ಅಡ್ಡ ಎರಡೂ ಕಡೆ ಅಳೆದು ಬರೆದುಕೊಡಲು ಕೇಳಿ. ಬರೆದು ಕೊಡದ ಅಂಗಡಿಗೆ ನಾನಂತೂ ಬ್ಲಾಕ್ ಕೊಡುವುದಿಲ್ಲ.

ಅಳತೆ ನೋಡಿ ಓವರ್‌ಸೈಜ್ (ಸ್ಟ್ಯಾಂಡರ್ಡಿಗಿಂತ ಎಷ್ಟು ದೊಡ್ಡ ಪಿಸ್ಟನ್ ಬೇಕು ಅಂತ) ತೀರ್ಮಾನ ಮಾಡಿ, ಪಿಸ್ಟನ್ ತಂದು, ಆ ಪಿಸ್ಟನ್ ಅಳತೆಗೇ ಬೋರ್ ಮಾಡಿಸಿ. ಬೋರ್ ಮಾಡಿಸಿದ ಮೇಲೆ ಪಿಸ್ಟನ್ ಹುಡುಕಲು ಹೊರಟರೆ ಆ ಸೈಜ್ ಸಿಗದೆ ಬ್ಲಾಕ್ ಹಾಗೇ ಮೂಲೆಯಲ್ಲಿ ಕೂರುತ್ತದೆ. ಕ್ರ್ಯಾಂಕಿಗೂ ಇದೇ ಮಾತು. ಯಾವ ಅಂಡರ್‌ಸೈಜ್ ಬೇರಿಂಗ್ (ಉಜ್ಜಿ ಸಣ್ಣದಾದ ಕ್ರ್ಯಾಂಕಿಗೆ ಕೂರುವಂಥದ್ದು) ಸಿಗುತ್ತದೆ ಅಂತ ಖಚಿತ ಮಾಡಿಕೊಂಡೇ ಗ್ರೈಂಡಿಂಗ್‌ಗೆ ಕೊಡಿ. ಬೋರ್ ಮಿತಿ ಮೀರಿ ಸವೆದಿದ್ದರೆ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಕೊಳವೆ) ಹಾಕಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರಬಹುದು. ಸವೆದ ಬೋರ್ ಎಂಜಿನ್ ಎಸೆಯಲು ಕಾರಣವೇ ಅಲ್ಲ.

ಕಟ್ಟುವಾಗ ಟಾರ್ಕ್ ರೆಂಚ್ ಇಲ್ಲದೆ ಕೂರಬೇಡಿ. ಮೇನ್ ಬೇರಿಂಗ್ 65ರಿಂದ 75 ಫುಟ್-ಪೌಂಡ್, ಕನೆಕ್ಟಿಂಗ್ ರಾಡ್ 35ರಿಂದ 45, ಹೆಡ್ 60ರಿಂದ 70. ಒಳಗಿನ ಆ ಬೋಲ್ಟನ್ನೂ ಸೇರಿಸಿ.

ಬೆಂಗಳೂರಿನಿಂದ

ಡೀಸೆಲ್ ಬಗ್ಗೆ ಎರಡು ಮಾತು. ಒಂದು ಕಾಲದಲ್ಲಿ ಪೆಟ್ರೋಲ್ ಖರ್ಚಿಗೆ ಹೆದರಿ ಬಹಳ ಜನ ಎಂಜಿನ್ ಬದಲಿಸಿದರು. ದಿನಾ ದುಡಿಯುವ ಗಾಡಿಗೆ ಆಗ ಅದು ಸರಿಯಾಗಿತ್ತು. ನಿಮ್ಮ ಗಾಡಿ ಈಗ ದುಡಿಯಬೇಕಿಲ್ಲ ಅಲ್ವಾ? ಎಫ್‌ಸಿಯಲ್ಲಿ ಕ್ಯಾಬಿನ್ ಮುಂದಿನ ಆಕ್ಸಲ್ ಮೇಲೇ ಕೂತಿದೆ. ಅಲ್ಲಿಗೆ ಇನ್ನಷ್ಟು ತೂಕದ ಎಂಜಿನ್ ಬಂದರೆ ಸ್ಟೀರಿಂಗಿಗೂ ಡ್ರಮ್ ಬ್ರೇಕಿಗೂ ಭಾರ. ಕ್ಯಾಬಿನ್ ಒಳಗೆ ನಡುಕ, ಸದ್ದು ಬೇರೆ.

ಕಾಗದದ ಕೆಲಸವೂ ಇದೆ. ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಅದು ಸೇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಅದಕ್ಕೆ. 2021ರಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಬಂತು. ಅದಕ್ಕೂ ಗಾಡಿ ಮೂಲ ರೂಪದಲ್ಲೇ ಇರಬೇಕು. ಆದರೆ ಆ ನಿಯಮ ಬರೆದಿರುವುದು ದ್ವಿಚಕ್ರಕ್ಕೆ ಮತ್ತು ಜನ ಕೂರುವ ನಾಲ್ಕು ಚಕ್ರದ ಗಾಡಿಗೆ. ನಿಮ್ಮ ಆರ್‌ಸಿಯಲ್ಲಿ ಗೂಡ್ಸ್ ಅಂತ ಇದ್ದರೆ ಆ ದಾರಿ ನಂಬಿಕೊಂಡು ಕೂರಬೇಡಿ. ಈಗಲೇ ಆರ್‌ಟಿಒಗೆ ಹೋಗಿ ಆರ್‌ಸಿ ಜೀವಂತವಾಗಿದೆಯಾ, ಎಂಜಿನ್ ನಂಬರ್ ಮತ್ತು ಚಾಸಿ ನಂಬರ್ ತಾಳೆ ಆಗುತ್ತದೆಯಾ ನೋಡಿಸಿ. ಬ್ಲಾಕ್ ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವ ಮೊದಲು ನಂಬರಿನ ಫೋಟೋ ತೆಗೆದು, ಆ ಜಾಗಕ್ಕೆ ದಪ್ಪ ಟೇಪ್ ಅಂಟಿಸಿ.

ಹುಬ್ಬಳ್ಳಿಯಿಂದ

ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಒಮ್ಮೆ ಸುತ್ತಿ. "ಎಫ್‌ಸಿ" ಅಂತ ಕೇಳಿದರೆ ಇಲ್ಲ ಅನ್ನಬಹುದು. "ಪೆಟ್ರೋಲ್ ಜೀಪ್, ಹರಿಕೇನ್" ಅಂತ ಕೇಳಿ. ಅಮೆರಿಕದ ವಿಲ್ಲಿಸ್ ಜೀಪುಗಳಲ್ಲೂ ಇದೇ ಎಂಜಿನ್ ಇತ್ತು. ಅಲ್ಲಿ ಪ್ರೀತಿಯಿಂದ ಇಟ್ಟುಕೊಂಡವರು ಜಾಸ್ತಿ, ಹಾಗಾಗಿ ಬೇರಿಂಗ್, ಗ್ಯಾಸ್ಕೆಟ್, ವಾಲ್ವ್ ಈಗಲೂ ತಯಾರಾಗುತ್ತವೆ. ನೆಂಟರು ಯಾರಾದರೂ ಅಲ್ಲಿದ್ದರೆ ಬರುವಾಗ ತರಲು ಹೇಳಿ. ಹಳೇ ಸಾಮಾನು ಯಾವುದನ್ನೂ ಎಸೆಯಬೇಡಿ, ಹೊಸದನ್ನು ಪಕ್ಕದಲ್ಲಿಟ್ಟು ನೋಡಲು ಬೇಕು.

ಮತ್ತೆ, ಇದರಲ್ಲಿ ಡೆಲ್ಕೊ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ತಿರುಗುವುದು ಆಯಿಲ್ ಪಂಪಿನ ಶಾಫ್ಟಿನಿಂದ. ಪಂಪ್ ಕೂರಿಸುವಾಗ ಗೇರಿನ ಒಂದು ಹಲ್ಲು ಆಚೀಚೆ ಆದರೂ ಟೈಮಿಂಗ್ ಸಿಗುವುದಿಲ್ಲ. ಜನ ಕಾರ್ಬುರೇಟರ್ ಮೇಲೆ ಅನುಮಾನಪಟ್ಟು ಸುಮ್ನೆ ಅದನ್ನೇ ಬಿಚ್ಚುತ್ತಾ ಇರುತ್ತಾರೆ. ಫೈರಿಂಗ್ ಆರ್ಡರ್ 1-3-4-2. ಡೆಲ್ಕೊ ಒಳಗಿನ ಪಾಯಿಂಟ್ ಗ್ಯಾಪ್ 20 ಥೌ, ಪ್ಲಗ್ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ).

ತೀರ್ಥಹಳ್ಳಿಯಿಂದ

ಬಾಡಿ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಕಡೆಯ ಮಳೆಗೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಫ್ಲೋರ್ ಮ್ಯಾಟ್ ಕೆಳಗೆ, ಗಾಜಿನ ರಬ್ಬರ್ ಒಳಗೆ, ಬಾಗಿಲ ತಳದಲ್ಲಿ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಸದ್ದು ಮಂದವಾದ ಕಡೆ ಪುಟ್ಟಿ ಇದೆ ಅಂತಲೇ ತಿಳಿಯಿರಿ. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರ್ ಬೇಕು, ಮೇಲೆ ಪುಟ್ಟಿ ಮೆತ್ತುವವರಲ್ಲ. ಪೇಂಟ್ ಕೊನೆಗೆ. ಎಂಜಿನ್ ಕೂರಿಸುವ ಮೊದಲೇ ಪೇಂಟ್ ಮುಗಿಸಿದರೆ ಕೂರಿಸುವಾಗ ಎಲ್ಲಾದರೂ ಗೀರು ಬಿದ್ದೇ ಬೀಳುತ್ತದೆ. ಎಂಜಿನ್ ಲೇತ್ ಅಂಗಡಿಯಲ್ಲಿ ಇರುವಷ್ಟು ದಿನ ಬ್ರೇಕ್ ಕೆಲಸ ಮುಗಿಸಿಕೊಳ್ಳಿ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪ್ ಎಲ್ಲ ಹೊಸದೇ ಹಾಕಿಸಿ. ಇದರಲ್ಲಿ ಉಳಿತಾಯ ನೋಡಬೇಡಿ.

ಸಕಲೇಶಪುರದಿಂದ ಮತ್ತೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆರ್‌ಸಿ ಹುಡುಕುತ್ತಿದ್ದೇನೆ. ಕಟ್ಟಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ನೋಡಬೇಕು?

ಮೂಡಿಗೆರೆಯಿಂದ

ಹಳೇ ಟ್ಯಾಂಕಿನ ಪೆಟ್ರೋಲ್ ಒಂದು ತೊಟ್ಟೂ ಬೇಡ. ಟ್ಯಾಂಕ್ ಇಳಿಸಿ ತೊಳೆಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ತಾಳುವುದಿಲ್ಲ, ಬದಲಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಖಾಲಿ ಮಾಡಿ ನಿಲ್ಲಿಸಿ.

ವಾಲ್ವ್ ಗ್ಯಾಪ್ ತಣ್ಣಗಿರುವಾಗ ಇನ್‌ಲೆಟ್ 18 ಥೌ, ಎಕ್ಸಾಸ್ಟ್ 16 ಥೌ. ಕ್ಯಾಮ್ ಮತ್ತು ಟ್ಯಾಪೆಟ್‌ಗೆ ಅಸೆಂಬ್ಲಿ ಗ್ರೀಸ್ ಹಚ್ಚಿಯೇ ಕೂರಿಸಿರಬೇಕು. ಪ್ಲಗ್ ಹಾಕದೆ ಎಂಜಿನ್ ತಿರುಗಿಸಿ, ಆಯಿಲ್ ಪ್ರೆಷರ್ ಮುಳ್ಳು ಏರುವುದನ್ನು ನೋಡಿ. ಏರಿದ ಮೇಲೇ ಸ್ಟಾರ್ಟ್. ಹತ್ತಿಕೊಂಡ ಮೇಲೆ ಐಡ್ಲಿಂಗ್‌ನಲ್ಲಿ ಬಿಡಬೇಡಿ, ಸ್ವಲ್ಪ ಜಾಸ್ತಿ ವೇಗದಲ್ಲೇ ಓಡಲಿ. ಐಡ್ಲಿಂಗ್‌ನಲ್ಲಿ ಕ್ಯಾಮಿಗೆ ಆಯಿಲ್ ಸಾಲುವುದಿಲ್ಲ. ನೀರು, ಆಯಿಲ್ ಎಲ್ಲಾದರೂ ಸೋರುತ್ತಿದೆಯಾ ಅಂತ ಇನ್ನೊಬ್ಬರು ಕೆಳಗೆ ನೋಡುತ್ತಿರಲಿ. ಪೂರ್ತಿ ತಣ್ಣಗಾದ ಮೇಲೆ ವಾಲ್ವ್ ಗ್ಯಾಪ್ ಮತ್ತೊಮ್ಮೆ ನೋಡಿ.

ಮೊದಲ ಆಯಿಲನ್ನು ಬೇಗ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಸಣ್ಣ ಕಪ್ಪು ಪುಡಿ ರಿಂಗ್ ಕೂರುವಾಗ ಬರುವಂಥದ್ದು. ಹೊಳೆಯುವ ಚೂರು ಕಂಡರೆ ಮಾತ್ರ ಗಾಡಿ ಓಡಿಸಬೇಡಿ. ಸಂಪ್ ಇಳಿಸಿ ಬೇರಿಂಗ್ ನೋಡಿ.