ಪಟಾಕಿ ಸದ್ದಾದರೆ ಅಪ್ಪ ‘ಎಲ್ಲಿಂದ?’ ಅಂತ ಕೇಳ್ತಾರೆ. ಮನೆಯಲ್ಲಿ ಮಾಜಿ ಸೈನಿಕರು ಇರೋರು ಯಾರಾದ್ರೂ ಇದ್ದೀರಾ?

ಆಲೂರಿನ ಮಗಳು:

ನಮ್ಮದು ಹಾಸನ ಜಿಲ್ಲೆ ಆಲೂರು ತಾಲ್ಲೂಕು. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ಅಪ್ಪ ಸೇನೆಯಲ್ಲಿ ಗನ್ನರ್ ಆಗಿದ್ದರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಬೊಫೋರ್ಸ್ ತೋಪಿನ ಜೊತೆ ಇದ್ದರು. ಆಗ ನನಗೆ ಮೂರು ವರ್ಷ. ಎಲ್ಲಿದ್ದಾರೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲವಂತೆ. ಕಾಗದದ ಮೇಲೆ 56 ಎಪಿಓ (ಸೇನೆಯ ಅಂಚೆ ಕಚೇರಿ) ಅಂತಷ್ಟೇ ಇರುತ್ತಿತ್ತು, ಆ ವಿಳಾಸಕ್ಕೆ ಬರೆದರೆ ದೇಶದ ಯಾವ ಮೂಲೆಗೆ ಹೋಗುತ್ತೆ ಅಂತ ನಮ್ಮೂರ ಪೋಸ್ಟ್‌ಮ್ಯಾನ್‌ಗೂ ತಿಳಿಯದು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಆನೆ ಕಾಟ ಹೇಗಿದೆ ಅಂತ ಹಾಸನದವರಿಗೆ ಹೇಳಬೇಕಿಲ್ಲ. ರಾತ್ರಿ ಆನೆ ತೋಟಕ್ಕೆ ಇಳಿದರೆ ಅರಣ್ಯ ಇಲಾಖೆಯವರು ಬಂದು ಪಟಾಕಿ ಹೊಡೆದು ಓಡಿಸುತ್ತಾರೆ. ಮೊದಲನೇದು ಢಂ ಅನ್ನುವಷ್ಟರಲ್ಲಿ ಅಪ್ಪ ಮಂಚದಿಂದ ಕೆಳಗಿರುತ್ತಾರೆ. ಗೋಡೆಗೆ ಬೆನ್ನು ಒತ್ತಿಕೊಂಡು ಕೂತು ‘ಎಲ್ಲಿಂದ? ಎಲ್ಲಿಂದ?’ ಅಂತ ಕೇಳುತ್ತಾರೆ. ‘ಏನಿಲ್ಲಪ್ಪ, ಪಟಾಕಿ ಅಷ್ಟೇ, ಹೆದರ್ಕೋಬೇಡಿ’ ಅಂತೀವಿ. ಅದು ಅವರ ತಲೆಗೇ ಹೋಗಲ್ಲ. ಆಮೇಲೆ ಎದ್ದು ಬಚ್ಚಲುಮನೆಗೆ ಹೋಗಿ, ಹಂಡೆ ಒಲೆಗೆ ಬೆಂಕಿ ಹಾಕಿ, ಬೆಳಗಾಗುವ ತನಕ ಅದರ ಮುಂದೆಯೇ ಕೂರುತ್ತಾರೆ. ಬೆಳಿಗ್ಗೆ ಆ ಬಗ್ಗೆ ಒಂದು ಮಾತೂ ಇಲ್ಲ.

ಇನ್ನೊಂದು, ಪ್ರತಿ ವರ್ಷ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನಕ್ಕೆ, ಊರಿನ ಶಾಲೆಗೆ ಕರೆದು ಶಾಲು ಹೊದಿಸುತ್ತಾರೆ. ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಹೋಗುತ್ತಾರೆ. ಬಂದ ಮೇಲೆ ಮೂರು ದಿನ ಮಾತಿಲ್ಲ, ಊಟ ಅರ್ಧಂಬರ್ಧ. ಹಾಗಂತ ಕರೆಯದಿದ್ದರೂ ಬೇಜಾರು ಮಾಡ್ಕೊಳ್ತಾರೆ. ಈ ಸಲ ಒಬ್ಬ ಹುಡುಗ ಎದ್ದು ನಿಂತು ‘ಸಾರ್, ನೀವು ಎಷ್ಟು ಜನರನ್ನು ಹೊಡೆದಿರಿ?’ ಅಂತ ಕೇಳಿದ. ಮಗು, ಅದರ ತಪ್ಪೇನಿಲ್ಲ. ಅಪ್ಪ ‘ಗೊತ್ತಿಲ್ಲ ಮರಿ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ನನಗೆ ಹೊಟ್ಟೆಯೊಳಗೆ ಸಂಕಟ ಆಯಿತು.

ಕುಡಿತ ಇಲ್ಲ, ಜಗಳ ಇಲ್ಲ. ಡಾಕ್ಟರ್ ಅಂದರೆ ‘ನನಗೇನು ಹುಚ್ಚಾ?’ ಅಂತಾರೆ. ಸಂಬಂಧಿಕರೊಬ್ಬರು ‘ಅಷ್ಟು ದೊಡ್ಡ ಯುದ್ಧ ನೋಡಿದೋನು ಪಟಾಕಿಗೆ ಹೆದರ್ತಾನಲ್ಲ’ ಅಂತ ಅವರ ಎದುರಿಗೇ ಅಂದುಬಿಟ್ಟರು. 25 ವರ್ಷದ ಮೇಲಾಯ್ತು. ಈಗ ಯಾಕೆ ಜಾಸ್ತಿ ಆಗುತ್ತಿದೆ? ಮಾತಾಡಿಸಬೇಕಾ, ಸುಮ್ನೆ ಬಿಡಬೇಕಾ?

ಅರಸೀಕೆರೆ ಸ್ಯಾಪರ್:

ತಂಗಿ, ನಿಮ್ಮ ಅಪ್ಪ ಪಟಾಕಿಗೆ ಹೆದರುತ್ತಿಲ್ಲ. ‘ಎಲ್ಲಿಂದ’ ಅನ್ನೋದು ಗನ್ನರ್ ಕೇಳುವ ಪ್ರಶ್ನೆ. ತೋಪಿನ ಪಕ್ಕ ಇದ್ದವರಿಗೆ ಬರೀ ಸದ್ದು ಏನೂ ಅಲ್ಲ, ಅವರೇ ಹಗಲು ರಾತ್ರಿ ಮಾಡುವ ಸದ್ದು ಅದು. ಈ ಸದ್ದು ನಮ್ಮಿಂದ ಹೋಗಿದ್ದಾ, ನಮ್ಮ ಕಡೆಗೆ ಬರ್ತಿರೋದಾ ಅಂತ ಕಣ್ಣು ಮಿಟುಕಿಸುವುದರೊಳಗೆ ತಿಳಿಯಬೇಕು. ದ್ರಾಸ್‌ನಲ್ಲಿ ಮೊದಲ ವಾರಗಳಲ್ಲಿ ಎತ್ತರದ ಜಾಗವೆಲ್ಲ ಪಾಕಿಸ್ತಾನದವರ ಕೈಲಿತ್ತು. ತೊಲೊಲಿಂಗ್ ಬೆಟ್ಟದ ಮೇಲೆ ಕೂತವನಿಗೆ ಶ್ರೀನಗರ–ಲೇಹ್ ರಸ್ತೆಯ ಲಾರಿ ಕಾಣುತ್ತಿತ್ತು, ಅವನು ನೋಡಿ ಹೇಳಿದ ಕಡೆ ಶೆಲ್ ಬೀಳುತ್ತಿತ್ತು. ಜೂನ್ 13ಕ್ಕೆ ತೊಲೊಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮ ಕೈಗೆ ಬಂತು ಅಂತ ಭಾಷಣದಲ್ಲಿ ಒಂದೇ ಉಸಿರಿಗೆ ಹೇಳಿಬಿಡ್ತಾರೆ. ನಡುವೆ ಎಷ್ಟು ರಾತ್ರಿ ಇತ್ತು ನೋಡಿ.

ನಾನು ಕಾರ್ಗಿಲ್‌ಗೆ ಹೋದವನಲ್ಲ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆಯ್ತಲ್ಲ, ಆಮೇಲೆ ಶುರುವಾದ ಆಪರೇಷನ್ ಪರಾಕ್ರಮ್‌ನಲ್ಲಿ ಇದ್ದವನು. ಯುದ್ಧ ಆಗಲೇ ಇಲ್ಲ. ಆದರೆ ರಾಜಸ್ಥಾನದ ಗಡಿಯಲ್ಲಿ ಹೊಲಗಳಿಗೆ ಮೈನ್ (ನೆಲಬಾಂಬ್) ಹೂತವರು ನಾವು ಸ್ಯಾಪರ್‌ಗಳು, ಅಂದರೆ ಸೇನೆಯ ಎಂಜಿನಿಯರ್ ದಳದವರು, ತಿಂಗಳುಗಳ ಮೇಲೆ ತೆಗೆದವರೂ ನಾವೇ. ಮರಳು ಸರಿಯುತ್ತೆ, ಇಟ್ಟದ್ದು ಇಟ್ಟ ಜಾಗದಲ್ಲಿ ಇರಲ್ಲ. ನನ್ನ ಜೊತೆಯವನ ಕಾಲು ಹೋಗಿದ್ದು ತೆಗೆಯುವಾಗ.

2004ರಲ್ಲಿ ಊರಿಗೆ ಬಂದೆ. ಅಣ್ಣ ರಾಗಿಗೆ ಹೊಲ ಉತ್ತಿದ್ದ. ಬದುವಿನ ಮೇಲೆ ನಿಂತವನಿಗೆ ಕಾಲು ಎತ್ತಲು ಆಗಲಿಲ್ಲ. ನಮ್ಮದೇ ಹೊಲ, ಅಜ್ಜನ ಕಾಲದ್ದು, ಬರಿಗಾಲಲ್ಲಿ ಆಡಿ ಬೆಳೆದ ಜಾಗ, ಆದರೂ ಹೊಸದಾಗಿ ಉತ್ತ ಮಣ್ಣು ಕಂಡರೆ ಮೈ ಬೆವರುತ್ತಿತ್ತು. ಎರಡು ವರ್ಷ ಅಣ್ಣನ ಹೆಜ್ಜೆ ಗುರುತಿನ ಮೇಲೆ ಹೆಜ್ಜೆ ಇಟ್ಟು ನಡೆದೆ. ಅವನಿಗೆ ಗೊತ್ತಾಗಿತ್ತು. ಏನೂ ಕೇಳಲಿಲ್ಲ. ನನ್ನ ಮುಂದೆ ಹೋಗುವಾಗ ಮಾತ್ರ ಹೆಜ್ಜೆ ಚಿಕ್ಕದು ಮಾಡಿ, ಗುರುತು ಚೆನ್ನಾಗಿ ಮೂಡುವ ಹಾಗೆ ಗಟ್ಟಿಯಾಗಿ ಊರುತ್ತಿದ್ದ.

ಅದಕ್ಕೇ ಹೇಳ್ತೀನಿ, ‘ಹೆದರ್ಕೋಬೇಡಿ’ ಅನ್ನೋದು ಬಿಡಿ. ಕೇಳಿದ್ದಕ್ಕೆ ಉತ್ತರ ಕೊಡಿ. ಯಾವ ದಿಕ್ಕು, ಎಷ್ಟು ದೂರ, ಯಾರು ಹೊಡೆದದ್ದು. ಅಂದ ಹಾಗೆ ಅವರಿಗೆ ಎರಡೂ ಕಿವಿ ಸರಿಯಾಗಿ ಕೇಳುತ್ತಾ?

ಆಲೂರಿನ ಮಗಳು:

ಅಣ್ಣ, ನಿಮ್ಮ ಅಣ್ಣನ ಹೆಜ್ಜೆಯ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಬಲಗಿವಿ ತುಂಬಾ ಕಡಿಮೆ. ಫೋನ್ ಯಾವಾಗಲೂ ಎಡಗಡೆಗೇ ಹಿಡಿಯುತ್ತಾರೆ. ಎರಡು ಮೂರು ವರ್ಷದಿಂದ ಟಿವಿ ಸೌಂಡೂ ಜಾಸ್ತಿ ಮಾಡಿದ್ದಾರೆ. ವಯಸ್ಸಾಯ್ತಲ್ಲ ಅಂದುಕೊಂಡಿದ್ದೆವು. ಯಾಕೆ ಕೇಳಿದಿರಿ?

ಅರಸೀಕೆರೆ ಸ್ಯಾಪರ್:

ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯೋಕೆ ಎರಡು ಕಿವಿ ಬೇಕು. ಒಂದೇ ಕಿವಿ ಆದರೆ ಢಂ ಅನ್ನೋದು ಕೇಳುತ್ತೆ, ದಿಕ್ಕು ಸಿಗಲ್ಲ. ತೋಪಿನವರಿಗೆ ಕಿವಿ ಹೋಗೋದು ಮಾಮೂಲು. ಅವರು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಾರೆ ತಂಗಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿಗೆ ಅಂದರೆ ಬರ್ತಾರೆ.

ಮೂಡಿಗೆರೆ ಅಕ್ಕ:

ನಮ್ಮ ಯಜಮಾನರು 1987ರಲ್ಲಿ ಶಾಂತಿಪಾಲನಾ ಪಡೆ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. ಅಲ್ಲಿ ನಮ್ಮವರು ಸಾವಿರಕ್ಕಿಂತ ಜಾಸ್ತಿ ಜನ ಹೋದರು. ಅದಕ್ಕೆ ಶಾಲೆಯಲ್ಲಿ ಶಾಲೂ ಇಲ್ಲ, ದಿನವೂ ಇಲ್ಲ. ಜಾಫ್ನಾ ಅನ್ನೋ ಹೆಸರು ಮನೆಯಲ್ಲಿ ಎತ್ತೋ ಹಾಗಿರಲಿಲ್ಲ.

ರಾತ್ರಿ ನಿಮ್ಮ ಅಪ್ಪ ಬೆಚ್ಚಿದಾಗ ಮೈ ಮುಟ್ಟಿ ಎಬ್ಬಿಸಬೇಡಿ. ಮದುವೆಯಾದ ವರ್ಷ ನಾನು ಭುಜ ಹಿಡಿದು ಅಲ್ಲಾಡಿಸಿದೆ. ನಿದ್ದೆಯಲ್ಲೇ ನನ್ನ ಮಣಿಕಟ್ಟು ತಿರುಚಿದರು, ಗಾಜಿನ ಬಳೆ ಒಡೆದು ರಕ್ತ ಬಂತು. ಎಚ್ಚರ ಆದ ಮೇಲೆ ಅವರ ಮುಖ ನೋಡೋಕೆ ಆಗಲಿಲ್ಲ ನನಗೆ. ಲೈಟ್ ಹಾಕಿ ಆ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ ಪೇಪರ್‌ನಲ್ಲಿ ಕಟ್ಟಿಟ್ಟರು. ಆವತ್ತಿನಿಂದ ನಾನು ಕಾಲಿನ ಕಡೆ ನಿಂತು, ಲೈಟ್ ಹಾಕಿ, ಹೆಸರು ಹಿಡಿದು ಕರೀತೀನಿ. ನಮ್ಮ ಕಡೆ ಗಂಡನ ಹೆಸರು ಕರೆಯಲ್ಲ, ಆದರೆ ಆ ಹೊತ್ತಿಗೆ ಹೆಸರೇ ಬೇಕು.

ಮಾನಸಿಕ ಆರೋಗ್ಯ ನರ್ಸ್, ಹಾಸನ:

ಇದು ಹುಚ್ಚಲ್ಲ ಅಂತ ಅಪ್ಪನಿಗೆ ಖಂಡಿತ ಹೇಳಿ. ನೀವು ಹೇಳಿದ್ದೆಲ್ಲ ಪಿಟಿಎಸ್‌ಡಿ (ಭಾರೀ ಆಘಾತ ಕಂಡವರ ಮನಸ್ಸಿಗೆ ಆಗುವ ಗಾಯ) ಲಕ್ಷಣಗಳ ಹಾಗೆ ಕಾಣುತ್ತೆ, ಆದರೆ ನೋಡದೆ ನಾನು ಹೆಸರಿಡಲ್ಲ. ಕೆಲಸದ ಓಡಾಟ ಕಡಿಮೆಯಾಗಿ ಮನಸ್ಸಿಗೆ ಬಿಡುವು ಸಿಕ್ಕಾಗ ಹಳೇದು ಮತ್ತೆ ಜೋರಾಗುವುದನ್ನು ನಾವು ನೋಡ್ತಾನೇ ಇರ್ತೀವಿ. ಅದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ. ಎಲ್ಲ ಹೇಳಿಬಿಡಿ ಅಂತ ಮನೆಯವರು ಒತ್ತಾಯ ಮಾಡಬೇಡಿ.

14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಇರುತ್ತೆ. ಮೊದಲು ನೀವೇ ಮಾಡಿ ಕೇಳಿ. ಇನ್ನೊಂದು ಮಾತು, ತಪ್ಪು ತಿಳ್ಕೋಬೇಡಿ. ತೋಟದ ಮನೆಯಲ್ಲಿ ಕೋವಿ ಇದ್ದರೆ ಅದು ಎಲ್ಲಿದೆ, ಬೀಗ ಯಾರ ಹತ್ತಿರ ಇದೆ ಅಂತ ಇವತ್ತೇ ನೋಡಿ. ಬದುಕು ಸಾಕು ಅನ್ನೋ ಥರದ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ಆಲೂರಿನ ಮಗಳು:

ಐದು ವಾರ ಆಯ್ತು, ಬರೆಯೋಣ ಅನಿಸಿತು. ಕೋವಿ ಚಿಕ್ಕಪ್ಪನ ಮನೆಗೆ ಹೋಯಿತು. ಆನೆ ಓಡಿಸೋ ಹುಡುಗರ ಹತ್ತಿರ ಮಾತಾಡಿದೆ, ಪಟಾಕಿ ಹಚ್ಚುವ ಮೊದಲು ಒಂದು ಮಿಸ್ಡ್ ಕಾಲ್ ಕೊಡ್ತಾರೆ. ಪಾಪ, ಆ ಹುಡುಗರಿಗೂ ನಿದ್ದೆ ಇಲ್ಲ, ಆದರೂ ಒಂದು ಸಲವೂ ಮರೆತಿಲ್ಲ.

ಹೋದ ವಾರ ರಾತ್ರಿ ಎರಡಕ್ಕೆ ಕಾಲ್ ಬಂತು. ಕಾಲಿನ ಕಡೆ ನಿಂತು, ಲೈಟ್ ಹಾಕಿ, ‘ಅಪ್ಪಾ, ಈಗ ಪಟಾಕಿ ಹೊಡೀತಾರೆ. ಕೆರೆ ಕಡೆಯಿಂದ. ನಮ್ಮವರೇ’ ಅಂದೆ. ಎದ್ದು ಮಂಚದ ಮೇಲೇ ಕೂತರು. ಕೈ ನಡುಗುತ್ತಿತ್ತು, ಆದರೆ ಕೆಳಗೆ ಇಳಿಯಲಿಲ್ಲ. ಆಮೇಲೆ ಎಂದಿನ ಹಾಗೆ ಒಲೆ ಮುಂದೆ ಹೋದರು, ಬಚ್ಚಲುಮನೆ ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ. ಕಾಫಿ ತಗೊಂಡು ಹೋಗಿ ಪಕ್ಕದಲ್ಲಿ ಕೂತೆ. ತುಂಬಾ ಹೊತ್ತಾದ ಮೇಲೆ ಅವರೇ ಅಂದರು, ‘ಆ ಹುಡುಗನಿಗೆ ಗೊತ್ತಿಲ್ಲ ಅಂದೆನಲ್ಲ, ಸುಳ್ಳಲ್ಲ ಮಗಳೇ. ನಾವು ಬೆಟ್ಟದ ಆಚೆಗೆ ಹೊಡೀತಿದ್ದೆವು. ಅಲ್ಲಿ ಯಾರಿದ್ದರು ಅಂತ ನಮಗೆ ಯಾವತ್ತೂ ಕಾಣಲಿಲ್ಲ.’ ನಾನು ಏನೂ ಹೇಳಲಿಲ್ಲ. ಒಲೆಗೆ ಇನ್ನೊಂದು ಕಾಫಿ ಗಿಡದ ತುಂಡು ಇಟ್ಟರು.

ಗುರುವಾರ ಹಾಸನಕ್ಕೆ ಹೋಗ್ತಿದ್ದೇವೆ. ಬರ್ತೀನಿ ಅಂದಿದ್ದಾರೆ, ಸದ್ಯಕ್ಕೆ ಕಿವಿಗೆ ಮಾತ್ರ.