399 ರೂಪಾಯಿಯ ವಿಂಡೋಸ್ ಕೀ: ಆರು ತಿಂಗಳಿಗೇ ಆ್ಯಕ್ಟಿವೇಶನ್ ಹೋಗಿದೆ, ಸಹಾಯ ಬೇಕು

ಮುದ್ರಣಮಿತ್ರ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಅಶೋಕ ರಸ್ತೆಯ ಹತ್ತಿರ ನಮ್ಮದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಬೆಂಗಳೂರಿನ ಕಚೇರಿಯೊಂದು ಬಳಸಿ ಬಿಟ್ಟ ಬ್ರಾಂಡೆಡ್ ಡೆಸ್ಕ್‌ಟಾಪ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು, ಅದಕ್ಕೆ ಆನ್‌ಲೈನ್‌ನಲ್ಲಿ 399 ರೂಪಾಯಿಗೆ ‘ವಿಂಡೋಸ್ 11 ಪ್ರೊ, ಜೀವಮಾನದ ಲೈಸೆನ್ಸ್’ ಎಂಬ ಕೀ ಕೊಂಡು ಹಾಕಿದ್ದೆವು. ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ಪರದೆಯ ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂದು ಬರುತ್ತಿದೆ, ದೋಷಸಂಖ್ಯೆ 0ಎಕ್ಸ್‌ಸಿ004ಎಫ್074. ಮಾರಿದವರು ಫೋನ್ ಎತ್ತುತ್ತಿಲ್ಲ. ಲಗ್ನಪತ್ರಿಕೆಯ ಸೀಸನ್, ಮೆಷಿನ್ ನಿಲ್ಲಿಸುವಂತಿಲ್ಲ. ಆ ಬರಹವನ್ನು ತೆಗೆಯುವ ಉಪಾಯವಿದ್ದರೆ ತಿಳಿಸಿ.

ಚಂದ್ರವಳ್ಳಿ:
ಬರಹ ತೆಗೆಯುವುದು ಆಮೇಲೆ ನೋಡೋಣ. ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು ಎಸ್-ಎಲ್-ಎಂ-ಜಿ-ಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಡಿ-ಎಲ್-ವಿ ಎಂದು ಕೊಡಿ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಬರುವ ಚೌಕದಲ್ಲಿ ‘ಪ್ರಾಡಕ್ಟ್ ಕೀ ಚಾನೆಲ್’ ಎದುರು ಏನಿದೆ? ಕೀ ಜೊತೆಗೆ ಫೈಲ್ ಏನಾದರೂ ಕಳಿಸಿದ್ದರೇ?

ಮುದ್ರಣಮಿತ್ರ_ದಾವಣಗೆರೆ:
‘ವಾಲ್ಯೂಮ್: ಜಿವಿಎಲ್‌ಕೆ’ ಎಂದಿದೆ ಸರ್. ಕೆಳಗೆ ‘ಕೆಎಂಎಸ್ ಮೆಷಿನ್ ನೇಮ್’ ಎದುರು ಯಾವುದೋ ವಿದೇಶಿ ವೆಬ್‌ಸೈಟ್ ತರಹದ ಹೆಸರಿದೆ. ಹೌದು, ವಾಟ್ಸ್‌ಆ್ಯಪ್‌ನಲ್ಲಿ ಒಂದು ಜಿಪ್ ಫೈಲ್ ಬಂದಿತ್ತು. ಆ್ಯಂಟಿವೈರಸ್ ಆರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ ಎಂದಿದ್ದರು.

ಚಂದ್ರವಳ್ಳಿ:
ಹಾಗಾದರೆ ನೀವು ಕೊಂಡದ್ದು ಲೈಸೆನ್ಸೇ ಅಲ್ಲ.

ಕೆಎಂಎಸ್ ಎಂಬುದು ದೊಡ್ಡ ಸಂಸ್ಥೆಗಳಿಗಾಗಿ ಇರುವ ವ್ಯವಸ್ಥೆ. ಕಾಲೇಜೋ ಕಂಪನಿಯೋ ತನ್ನದೇ ಸರ್ವರ್ ಇಟ್ಟುಕೊಳ್ಳುತ್ತದೆ; ಒಳಗಿನ ಕಂಪ್ಯೂಟರ್‌ಗಳು ಅದನ್ನು ಕೇಳಿ ಸಕ್ರಿಯವಾಗುತ್ತವೆ. ವಿಂಡೋಸ್‌ಗೆ ಇದು ಕೆಲಸ ಮಾಡಲು ಕನಿಷ್ಠ 25 ಕಂಪ್ಯೂಟರ್ ಬೇಕು. ಒಮ್ಮೆ ಸಕ್ರಿಯವಾದರೆ 180 ದಿನದ ಗಡುವು, ಏಳು ದಿನಕ್ಕೊಮ್ಮೆ ನವೀಕರಣದ ಪ್ರಯತ್ನ. ಇದಕ್ಕೆ ಬಳಸುವ ಜಿವಿಎಲ್‌ಕೆ ಕೀಗಳನ್ನು ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದೆ, ಏಕೆಂದರೆ ಸರ್ವರ್ ಇಲ್ಲದೆ ಆ ಕೀಗೆ ಬೆಲೆಯಿಲ್ಲ. ನಿಮಗೆ 399ಕ್ಕೆ ಮಾರಿದ್ದು ಅದನ್ನೇ. ಜಿಪ್ ಫೈಲ್ ನಿಮ್ಮ ಕಂಪ್ಯೂಟರ್ ಅನ್ನು ಯಾರದೋ ಸರ್ವರ್ ಕಡೆಗೆ ತಿರುಗಿಸಿತು. ಆ ಸರ್ವರ್ ಈಗ ಉತ್ತರಿಸುತ್ತಿಲ್ಲ, ಗಡುವು ಮುಗಿಯಿತು. ನಿಮ್ಮ ದೋಷಸಂಖ್ಯೆ ಹೇಳುವುದೂ ಅಷ್ಟೇ: ಕೆಎಂಎಸ್ ಸಿಗಲಿಲ್ಲ.

ನನಗೆ ಚಿಂತೆ ಇರುವುದು ಮೂಲೆಯ ಬರಹದ ಬಗ್ಗೆ ಅಲ್ಲ, ಆ ಫೈಲಿನ ಬಗ್ಗೆ. ಕಾವಲಿನವನನ್ನು ಮನೆಗೆ ಕಳಿಸಿ, ತಿಜೋರಿಯ ಕೀಲಿಯನ್ನೂ ಕೊಟ್ಟು ಒಳಗೆ ಬಿಟ್ಟಂತಾಗಿದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ, ಅಂದರೆ ಆ್ಯಂಟಿವೈರಸ್ ತಪಾಸಣೆ ಮಾಡದೆ ಬಿಡುವ ಜಾಗಗಳ ಪಟ್ಟಿ ನೋಡಿ, ನೀವು ಸೇರಿಸದ ಫೋಲ್ಡರ್ ಅಲ್ಲಿರಬಹುದು. ನಿಮ್ಮಂಥ ಅಂಗಡಿಯ ಕಂಪ್ಯೂಟರ್‌ನಲ್ಲಿ ಊರಿನವರ ಆಧಾರ್ ಪ್ರತಿ, ಪಾಸ್‌ಬುಕ್, ವಾಟ್ಸ್‌ಆ್ಯಪ್ ವೆಬ್ ಎಲ್ಲ ಇರುತ್ತವೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಇಂಥ ಆ್ಯಕ್ಟಿವೇಟರ್‌ಗಳ ಜೊತೆಗೇ ಬರುವುದು ಹೊಸದೇನಲ್ಲ.

ಈಗಲೇ ನೆಟ್ ಸಂಪರ್ಕ ಕಡಿತ ಮಾಡಿ. ಡಿಸೈನ್, ಪಿಡಿಎಫ್, ಚಿತ್ರಗಳನ್ನು ಮಾತ್ರ ನಕಲು ಮಾಡಿಕೊಳ್ಳಿ. ಯಾವುದೇ ಸೆಟಪ್ ಫೈಲ್ ಬೇಡ. ಪಾಸ್‌ವರ್ಡ್‌ಗಳನ್ನು ಮೊಬೈಲ್‌ನಿಂದ ಬದಲಿಸಿ, ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಎಲ್ಲವನ್ನೂ ಲಾಗ್ ಔಟ್ ಮಾಡಿ. ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ತಾಣದಿಂದಲೇ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಮಾಡಿಕೊಂಡು, ಡಿಸ್ಕಿನ ಭಾಗಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ.

ಇನ್ನೊಂದು ವಿಷಯ. ವಿಂಡೋಸ್ 8ರ ಕಾಲದಿಂದ ಬ್ರಾಂಡೆಡ್ ಕಂಪ್ಯೂಟರ್‌ಗಳ ಮದರ್‌ಬೋರ್ಡ್‌ನಲ್ಲೇ ಕಾರ್ಖಾನೆಯ ಕೀ ಅಡಗಿರುತ್ತದೆ. ನಿಮ್ಮದು ವಿಂಡೋಸ್ 10 ಪ್ರೊ ಜೊತೆಗೆ ಬಂದ ಯಂತ್ರವಾಗಿದ್ದರೆ ಇನ್‌ಸ್ಟಾಲ್ ಮಾಡುವಾಗ ಕೀ ಕೇಳುವುದೇ ಇಲ್ಲ, ನೆಟ್ ಸಿಕ್ಕ ಕೂಡಲೇ 11 ಪ್ರೊ ತಾನೇ ಸಕ್ರಿಯವಾಗುತ್ತದೆ.

ಬೆಣ್ಣೆಊರು:
ಇಷ್ಟೆಲ್ಲ ರಾಮಾಯಣ ಏಕೆ? ಬೇರೆ ಆ್ಯಕ್ಟಿವೇಟರ್ ಹಾಕಿದರೆ ಐದು ನಿಮಿಷದ ಕೆಲಸ. ಜಿಲ್ಲೆಯಲ್ಲಿ ಎಷ್ಟು ಡಿಟಿಪಿ ಅಂಗಡಿಗಳಲ್ಲಿ ಡಿಸೈನ್ ತಂತ್ರಾಂಶ ಕೋರಲ್‌ಡ್ರಾದ ಅಸಲಿ ಪ್ರತಿ ಇದೆ ಹೇಳಿ ನೋಡೋಣ. ಒಂದು ಕರಪತ್ರದ ಡಿಸೈನಿಗೆ ಗಿರಾಕಿ ಇನ್ನೂರು ರೂಪಾಯಿಗೂ ಚೌಕಾಸಿ ಮಾಡುತ್ತಾನೆ.

ಚಂದ್ರವಳ್ಳಿ:
ಚೌಕಾಸಿಯ ಮಾತು ನಿಜ, ಅಸಲಿ ಬೆಲೆ ಸಣ್ಣ ಅಂಗಡಿಗೆ ಭಾರವೆಂಬುದೂ ನಿಜ. ಆದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು ಓದಿಕೊಳ್ಳಿ. ನಕಲಿ ಎಂದು ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದವರಿಗೆ ಸೆರೆ ಬಿಟ್ಟು ದಂಡ ಮಾತ್ರ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ. ಅಂಗಡಿಯವರಿಗೆ ಆ ರಿಯಾಯಿತಿ ಇಲ್ಲ. ಐದು ನಿಮಿಷದ ಕೆಲಸವನ್ನು ಇವರು ಆರು ತಿಂಗಳ ಹಿಂದೆಯೇ ಮಾಡಿ ನೋಡಿದ್ದಾರೆ.

ಸೀಸನ್ ಮಧ್ಯದಲ್ಲಿ ಎಲ್ಲವನ್ನೂ ಬದಲಿಸಿ ಎಂದು ನಾನು ಹೇಳುವುದಿಲ್ಲ. ಕೋರಲ್‌ಡ್ರಾ ಅನಿವಾರ್ಯವಾದರೆ ಒಂದು ಕಂಪ್ಯೂಟರ್‌ಗೆ ಬಿಲ್ ಸಮೇತ ತೆಗೆದುಕೊಳ್ಳಿ. ಉಳಿದದ್ದರಲ್ಲಿ ಅದೇ ಬಗೆಯ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಇರಲಿ. ಕನ್ನಡ ಯೂನಿಕೋಡ್ ಚೆನ್ನಾಗಿ ಮೂಡುತ್ತದೆ. ಹಳೆಯ ಕೋರಲ್ ಫೈಲ್ ಅದರಲ್ಲಿ ತೆರೆದರೂ ಅಕ್ಷರಗಳ ಜೋಡಣೆ ಕೆಡುತ್ತದೆ, ಆ ಭರವಸೆ ಬೇಡ. ಪುಟವಿನ್ಯಾಸಕ್ಕೆ ಸ್ಕ್ರೈಬಸ್ 1.6 ಸಾಕು, ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ, 1.4ರಲ್ಲಿ ಪ್ರಯತ್ನಿಸಿ ಬೈದುಕೊಂಡವರು ಮತ್ತೊಮ್ಮೆ ನೋಡಿ. ನುಡಿ ಹೇಗೂ ಉಚಿತ. ಅದನ್ನೂ ಸಿ.ಡಿ.ಯಲ್ಲಿ ಹಾಕಿ ದುಡ್ಡಿಗೆ ಮಾರಿದವರನ್ನು ಕಂಡಿದ್ದೇನೆ!

ಮುದ್ರಣಮಿತ್ರ_ದಾವಣಗೆರೆ:
ಭಾನುವಾರ ಅಂಗಡಿ ಮುಚ್ಚಿ ಹೊಸದಾಗಿ ಹಾಕಿದೆವು ಸರ್. ನೀವು ಹೇಳಿದಂತೆಯೇ ಕೀ ಕೇಳಲಿಲ್ಲ, ನೆಟ್ ಕೊಟ್ಟ ತಕ್ಷಣ ಪ್ರೊ ಸಕ್ರಿಯವಾಯಿತು. ಅಳಿಸುವ ಮೊದಲು ಎಕ್ಸ್‌ಕ್ಲೂಷನ್ಸ್ ನೋಡಿದೆ, ಇಡೀ ಸಿ ಡ್ರೈವ್ ಅಲ್ಲಿತ್ತು. ಯುಪಿಐನಲ್ಲಿ ಕೊಟ್ಟ ದುಡ್ಡು ವಾಪಸ್ ಬರಬಹುದೇ? ಎರಡನೆಯದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್, ಅದರ ಬೋರ್ಡ್‌ನಲ್ಲಿ ಕೀ ಇಲ್ಲ. ಅದಕ್ಕೇನು ಮಾಡಲಿ?

ಚಂದ್ರವಳ್ಳಿ:
ಇಡೀ ಸಿ ಡ್ರೈವ್ ಎಂದರೆ ಪಾಸ್‌ವರ್ಡ್‌ಗಳು ಹೋಗಿವೆ ಎಂದೇ ತಿಳಿಯಿರಿ. ಬ್ಯಾಂಕಿನದು, ಜಿಎಸ್‌ಟಿ ಲಾಗಿನ್ ಯಾವುದನ್ನೂ ಬಿಡಬೇಡಿ. ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ, ಆದರೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಮಾರಾಟದ ಪುಟ ಮತ್ತು ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎರಡನೆಯದು ಬರೀ ಜೆರಾಕ್ಸ್, ಪ್ರಿಂಟ್ ಕೆಲಸಕ್ಕಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಖರ್ಚಿಲ್ಲ. ಅದಕ್ಕೂ ಮೊದಲು ನಿಮ್ಮ ಪ್ರಿಂಟರ್‌ಗೆ ಲಿನಕ್ಸ್ ಡ್ರೈವರ್ ಇದೆಯೇ ನೋಡಬೇಕು. ಮಾಡೆಲ್ ಸಂಖ್ಯೆ ಇಲ್ಲಿ ಹಾಕಿ.